ಮಿಸ್ಟ್ ಸ್ಟೋನ್‌ಶಿಪ್ ದಿಕ್ಸೂಚಿ ಪಜಲ್: ಉತ್ತರ ಗೊತ್ತಿದ್ರೂ ಕರೆಂಟ್ ಹೋಗ್ತಿದೆ, ಯಾರಾದ್ರೂ ಕಾಪಾಡಿ

ದಾರಿತಪ್ಪಿದವ:
ಮೊದ್ಲೇ ಹೇಳ್ತೀನಿ, ಸ್ಪಾಯ್ಲರ್ ಇದೆ, ಮಿಸ್ಟ್ ಆಡದೇ ಇರೋರು ಇಲ್ಲಿಂದಲೇ ಎದ್ದು ಹೋಗಿ.

ನಾನು ಆಡ್ತಿರೋದು ಹಳೇ ಮಿಸ್ಟ್, 1993ರ ಪಜಲ್ ಗೇಮು, ಹಳೇ ಗೇಮ್ ಓಡಿಸೋ ಸಾಫ್ಟ್‌ವೇರ್ ಸ್ಕಮ್‌ವಿಎಂನಲ್ಲಿ ಹಾಕ್ಕೊಂಡು. ಸ್ಟೋನ್‌ಶಿಪ್ ಅನ್ನೋ ಲೋಕಕ್ಕೆ ಬಂದಿದೀನಿ, ಅದೇ ಬಂಡೆ ಮಧ್ಯೆ ಹಡಗು ಸಿಕ್ಕಾಕ್ಕೊಂಡಿರತ್ತಲ್ಲ ಅದು. ನೀರು ಖಾಲಿ ಮಾಡೋ ಮೂರು ಬಟನ್ ಅರ್ಥ ಆಯ್ತು, ದೀಪಸ್ತಂಭದ ಪೆಟ್ಟಿಗೆ ತೇಲಿಸಿ ಬೀಗದಕೈ ತಗೊಂಡೆ, ಮೇಲೆ ಹೋಗಿ ಜನರೇಟರ್ ತಿರುಗಿಸಿ ಬ್ಯಾಟರಿ ಚಾರ್ಜ್ ಮಾಡ್ದೆ, ಸುರಂಗದಲ್ಲಿ ಲೈಟ್ ಬಂತು, ಸುರಂಗದ ಗೋಡೇಲಿರೋ ಗುಪ್ತ ಬಾಗಿಲೂ ಸಿಕ್ತು. ಒಳಗೆ ದೊಡ್ಡ ದಿಕ್ಸೂಚಿ, ಸುತ್ತಲೂ 32 ಬಟನ್. ಇಲ್ಲಿವರೆಗೂ ಎಲ್ಲಾ ನಾನೇ ಬಿಡಿಸಿದ್ದು, ಯಾರನ್ನೂ ಕೇಳಿಲ್ಲ ಅಂತ ಜಂಬ ಬೇರೆ ಇತ್ತು.

ದೂರದರ್ಶಕದಲ್ಲಿ ನೋಡಿದ್ರೆ ದೀಪಸ್ತಂಭ 135 ಡಿಗ್ರೀಲಿ ಕಾಣತ್ತೆ. ಸರಿ, 360ನ 32ರಿಂದ ಭಾಗಿಸಿದ್ರೆ 11.25, 135ನ ಅದ್ರಿಂದ ಭಾಗಿಸಿದ್ರೆ 12. ಅಂದ್ರೆ ಹನ್ನೆರಡನೇ ಬಟನ್ ತಾನೇ? ಒತ್ತಿದೆ. ಕರೆಂಟ್ ಹೋಯ್ತು. ಕತ್ತಲೇಲಿ ತಡವರಿಸ್ಕೊಂಡು ಹೊರಗೆ ಬಂದು, ಮತ್ತೆ ದೀಪಸ್ತಂಭ ಹತ್ತಿ, ಮತ್ತೆ ಜನರೇಟರ್ ತಿರುಗಿಸಿ, ಮತ್ತೆ ಕೆಳಗೆ ಬಂದು ಒತ್ತಿದೆ. ಮತ್ತೆ ಹೋಯ್ತು. ಹೀಗೇ ಏಳು ಸಲ. ಇದು ಬಗ್ಗಾ ಅಥವಾ ನಂಗೇ ತಲೆ ಇಲ್ವಾ?

ಪಿಕ್ಸೆಲ್ ಪುಟ್ಟಿ:
ಏಳು ಸಲ ಅದೇ ಬಟನ್ ಒತ್ತಿದ್ರಾ?? 😂

ದಾರಿತಪ್ಪಿದವ:
ಹೂಂ ಮತ್ತೆ, ಲೆಕ್ಕ ಸರಿ ಇದೆಯಲ್ಲ! ಗೇಮೇ ತಪ್ಪು ಅಂದ್ಕೊಂಡೆ.

ಪಿಕ್ಸೆಲ್ ಪುಟ್ಟಿ:
ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ನೀವು

ಗೊಣಗಣ್ಣ:
ತಲೆ ನಿಂದಲ್ಲ ಗುರು ತಪ್ಪಿರೋದು, ಪಜಲ್ಲೇ ದರಿದ್ರ. ದೂರದರ್ಶಕ ಒಂದು ಕಡೆ, ದಿಕ್ಸೂಚಿ ಇನ್ನೊಂದು ಕಡೆ ಸುರಂಗದೊಳಗೆ, ಇವೆರಡಕ್ಕೂ ಸಂಬಂಧ ಇದೆ ಅಂತ ಯಾರು ಹೇಳಿದ್ರು? ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಸುಳಿವು ಕೊಡೋದನ್ನ ಆ ಕಾಲದಲ್ಲಿ ಜಾಣತನ ಅಂತಿದ್ರು ಅಷ್ಟೆ.

ಹಳೇಮೌಸ್:
ಗೊಣಗಣ್ಣ, ಸ್ವಲ್ಪ ತಡೀರಿ. ಇಡೀ ಸ್ಟೋನ್‌ಶಿಪ್‌ನಲ್ಲಿ ಡಿಗ್ರಿ ಬರೆದಿರೋ ವಸ್ತು ಒಂದೇ, ದೂರದರ್ಶಕ. ದಿಕ್ಕು ಕೇಳೋ ವಸ್ತೂ ಒಂದೇ, ದಿಕ್ಸೂಚಿ. ದೂರದರ್ಶಕ ತಿರುಗಿಸ್ತಾ ಹೋದ್ರೆ ಕಣ್ಣಿಗೆ ಕುಕ್ಕೋದು ದೀಪಸ್ತಂಭ. ಇನ್ನೇನು ಬೋರ್ಡ್ ಹಾಕ್ಬೇಕಿತ್ತಾ? ಮಿಸ್ಟ್‌ನಲ್ಲಿ ವಸ್ತುಗಳೇ ಮಾತಾಡೋದು. ನನ್ನ ಪ್ರಕಾರ ಇಡೀ ಗೇಮ್‌ನಲ್ಲಿ ಅತ್ಯಂತ ನ್ಯಾಯವಾದ ಪಜಲ್ ಇದು.

ಗೊಣಗಣ್ಣ:
ನ್ಯಾಯ ಅಂತೆ. ತಪ್ಪು ಒತ್ತಿದ್ರೆ ಕರೆಂಟ್ ತೆಗೆದು ದೀಪಸ್ತಂಭದವರೆಗೂ ನಡೆಸೋದು ನ್ಯಾಯಾನಾ?

ಹಳೇಮೌಸ್:
ಅದಿಲ್ದೇ ಹೋದ್ರೆ ಎಲ್ರೂ 32 ಬಟನ್ನೂ ಸಾಲಾಗಿ ಒತ್ಕೊಂಡು ಹೋಗ್ತಿದ್ರು ಸಾರ್. ಆ ಶಿಕ್ಷೆ ಇರೋದೇ ಅದಕ್ಕೆ, ಯೋಚ್ನೆ ಮಾಡ್ಲಿ ಅಂತ.

ರಾತ್ರಿಗೂಬೆ:
ಅಂ... ನಾನು ಸಾಲಾಗೇ ಒತ್ತಿದ್ದು 🙈 ದೂರದರ್ಶಕ ಇದೆ ಅನ್ನೋದೇ ಗೊತ್ತಿರ್ಲಿಲ್ಲ. ಮೇಲಿನ ಬಟನ್‌ನಿಂದ ಶುರು ಮಾಡಿ ಎಡಗಡೆಯಿಂದ ಒಂದೊಂದೇ, ಪ್ರತಿ ಸಲ ಕತ್ತಲೆ, ಪ್ರತಿ ಸಲ ಜನರೇಟರ್. ಬೆಳಗಾಗಿತ್ತು ಮುಗಿಯೋಷ್ಟರಲ್ಲಿ.

ಲೆಕ್ಕದ ಮೇಷ್ಟ್ರು:
ಎಡಗಡೆಯಿಂದ ಹೋದ್ರಾ! ಅಯ್ಯೋ. ಬಲಗಡೆಯಿಂದ ಹೋಗಿದ್ರೆ ಹದಿಮೂರನೇ ಸಲಕ್ಕೆ ಸಿಕ್ಕಿರೋದು. ಎಡಗಡೆಯಿಂದ ಅಂದ್ರೆ ಇಪ್ಪತ್ತೊಂದನೇ ಸಲ. ಅಂದ್ರೆ ಇಪ್ಪತ್ತು ಸಲ ಕರೆಂಟ್ ಹೋಗಿದೆ ನಿಮ್ಮನೇಲಿ.

ರಾತ್ರಿಗೂಬೆ:
ಮೇಷ್ಟ್ರೇ ಗಾಯದ ಮೇಲೆ ಬರೆ ಎಳೀಬೇಡಿ

ಕಡಲಕಾಗೆ:
ದಾರಿತಪ್ಪಿದವ ಅವ್ರೇ, ನಂದೊಂದು ಅನುಮಾನ. ದೂರದರ್ಶಕದಿಂದ ದೀಪಸ್ತಂಭ 135 ಅಂದ್ರೆ, ದೀಪಸ್ತಂಭದಿಂದ ದೂರದರ್ಶಕ 315 ಆಗತ್ತೆ, ಅಂದ್ರೆ ವಾಯವ್ಯ. ಎರಡರ ಮಧ್ಯೆ 180 ವ್ಯತ್ಯಾಸ. ಹಡಗಿನೋರು ತಾವು ಎಲ್ಲಿದೀವಿ ಅಂತ ಕಂಡುಹಿಡಿಯೋಕೆ ದಡದ ಗುರುತು ನೋಡಿ ಹೀಗೇ ಉಲ್ಟಾ ದಿಕ್ಕು ತೆಗೀತಾರೆ. ನೀವು 315 ಟ್ರೈ ಮಾಡಿ ನೋಡಿ, ಇಪ್ಪತ್ತೆಂಟನೇ ಮನೆ.

ಪಿಕ್ಸೆಲ್ ಪುಟ್ಟಿ:
ಬೇಡ ಬೇಡ ಬೇಡ. ನಾನು ಮುಗಿಸಿದೀನಿ, 135ಏ ಸರಿ. ಅವ್ರನ್ನ ಎಂಟನೇ ಸಲ ಕತ್ತಲೆಗೆ ತಳ್ಳಬೇಡಿ ಪ್ಲೀಸ್.

ದಾರಿತಪ್ಪಿದವ:
ತಡ ಆಯ್ತು. ಒತ್ತಿದೆ. ಕತ್ತಲೆ.

ಕಡಲಕಾಗೆ:
ಕ್ಷಮಿಸಿ 😬

ಸುಮ್ನೆ ನೋಡ್ತೀನಿ:
ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಇರತ್ತಲ್ಲ, ಒಂದೊಂದು ಜಾಗದಲ್ಲಿ ಒಂದೊಂದಷ್ಟು, ಅದೇನಾದ್ರೂ ಲೆಕ್ಕಕ್ಕೆ ತಗೋಬೇಕಾ?

ಹಳೇಮೌಸ್:
ಗೇಮ್ ಸ್ವಾಮಿ ಇದು. ಹಳೇ ಮ್ಯಾಕ್ ಸಾಫ್ಟ್‌ವೇರ್ ಹೈಪರ್‌ಕಾರ್ಡ್‌ನಲ್ಲಿ ಚಿತ್ರ ಜೋಡಿಸಿ ಮಾಡಿದ್ದು, ಅದ್ರಲ್ಲಿ ಭೂಮಿಯ ಅಯಸ್ಕಾಂತ ಎಲ್ಲಿಂದ ಬರ್ಬೇಕು. ಇದನ್ನ ಮಾಡಿದ ಮಿಲ್ಲರ್ ಅಣ್ಣತಮ್ಮಂದಿರು ಅಷ್ಟು ಕ್ರೂರಿಗಳಲ್ಲ.

ಗೊಣಗಣ್ಣ:
ಅಷ್ಟೇ ಕ್ರೂರಿಗಳು.

ಲೆಕ್ಕದ ಮೇಷ್ಟ್ರು:
ಎಲ್ರೂ ಒಂದು ನಿಮಿಷ ಸುಮ್ನಿರಿ. ದಾರಿತಪ್ಪಿದವ, ಒಂದೇ ಒಂದು ಪ್ರಶ್ನೆ, ನಿಜ ಹೇಳ್ಬೇಕು. ಬಟನ್ ಎಣಿಸೋವಾಗ "ಒಂದು" ಅಂತ ಯಾವ ಬಟನ್ ಮೇಲೆ ಬೆರಳಿಟ್ಟು ಹೇಳಿದ್ರಿ?

ದಾರಿತಪ್ಪಿದವ:
ಉತ್ತರದ್ದು. ಮೇಲಿರೋದು. ಅಲ್ಲಿಂದ ತಾನೇ ಶುರು?

ಲೆಕ್ಕದ ಮೇಷ್ಟ್ರು:
ಸಿಕ್ಕಿಬಿದ್ರಿ.

ಉತ್ತರ ಅಂದ್ರೆ 0 ಡಿಗ್ರಿ. ಅದು ಒಂದಲ್ಲ, ಸೊನ್ನೆ. ಅದರ ಪಕ್ಕದ್ದು 11.25, ಅದು ಒಂದು. ಅದಾದ್ಮೇಲೆ 22.5, ಅದು ಎರಡು. ನೀವು ಉತ್ತರಾನೇ ಒಂದು ಅಂದ್ರಿ, ಹಾಗಾಗಿ ನೀವು "ಹನ್ನೆರಡು" ಅಂದಾಗ ಬೆರಳು ನಿಂತಿದ್ದು 123.75 ಡಿಗ್ರಿ ಮೇಲೆ. ಒಂದು ಮನೆ ಹಿಂದೆ. ಏಳು ಸಲಾನೂ ಅಲ್ಲೇ ಒತ್ತಿದೀರಿ. ಭಾಗಾಕಾರ ಸರಿ, ಎಣಿಕೆ ತಪ್ಪು. ಬೇಲಿ ಹಾಕೋರಿಗೆ ಗೊತ್ತಿರತ್ತೆ ಇದು, ಹತ್ತು ಅಂಕಣಕ್ಕೆ ಹನ್ನೊಂದು ಕಂಬ ಬೇಕು, ಹತ್ತೇ ತಂದ್ರೆ ಕೊನೇಲಿ ಒಂದು ಕಮ್ಮಿ ಬೀಳತ್ತೆ. ನೀವು ಅಂಕಣ ಎಣಿಸೋ ಕಡೆ ಕಂಬ ಎಣಿಸಿದೀರಿ.

ದಾರಿತಪ್ಪಿದವ:
...

ದಾರಿತಪ್ಪಿದವ:
ನಾನು ದಿನಾ ಕೋಡ್ ಬರೆಯೋನು ಮೇಷ್ಟ್ರೇ. ಸೊನ್ನೆಯಿಂದ ಎಣಿಸೋದು ನನ್ನ ಕಸುಬು. ಯಾರಿಗೂ ಹೇಳ್ಬೇಡಿ.

ಪಿಕ್ಸೆಲ್ ಪುಟ್ಟಿ:
ಎಲ್ರೂ ಓದಾಯ್ತು 😂😂

ಸುಮ್ನೆ ನೋಡ್ತೀನಿ:
ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ, ಅಕ್ಷರಶಃ

ಗೊಣಗಣ್ಣ:
ನೋಡಿ ನಾನು ಹೇಳ್ಲಿಲ್ವಾ, ವಾಕ್‌ಥ್ರೂ (ಗೇಮ್ ಮುಗಿಸೋ ಗೈಡ್) ಬರೆಯೋರೂ "ಉತ್ತರದಿಂದ ಹನ್ನೆರಡನೇ ಬಟನ್" ಅಂತ ಬರೆದು ಕೈ ತೊಳ್ಕೊತಾರೆ. ಉತ್ತರ ಸೇರಿಸ್ಕೊಂಡಾ, ಬಿಟ್ಟಾ? ಅದನ್ನ ಹೇಳೋಕೇನು ಕಷ್ಟ?

ನಕ್ಷೆ ಬಿಡಿಸೋಳು:
ಎಣಿಸೋದೇ ಬೇಡ ಕಣ್ರೀ, ಇಷ್ಟೆಲ್ಲಾ ಯಾಕೆ. ಕನ್ನಡದಲ್ಲಿ ಎಂಟೂ ದಿಕ್ಕಿಗೆ ಬೇರೆ ಬೇರೆ ಹೆಸರಿದೆ. 32ನ 8ರಿಂದ ಭಾಗಿಸಿದ್ರೆ 4, ಅಂದ್ರೆ ನಾಲ್ಕು ನಾಲ್ಕು ಬಟನ್‌ಗೆ ಒಂದು ಹೆಸರು. ಉತ್ತರ, ನಾಲ್ಕು ಮನೆ ದಾಟಿದ್ರೆ ಈಶಾನ್ಯ, ಇನ್ನು ನಾಲ್ಕು ದಾಟಿದ್ರೆ ಪೂರ್ವ, ಇನ್ನು ನಾಲ್ಕು ದಾಟಿದ್ರೆ ಆಗ್ನೇಯ. 135 ಅಂದ್ರೆ ಸರಿಯಾಗಿ ಆಗ್ನೇಯ. ಪೂರ್ವಕ್ಕೂ ದಕ್ಷಿಣಕ್ಕೂ ನಟ್ಟನಡುವೆ ಇರೋ ಬಟನ್ ಕಣ್ಣಳತೇಲೇ ಗೊತ್ತಾಗತ್ತೆ, ಆ ಕಡೆ ಏಳು ಈ ಕಡೆ ಏಳು ಬಟನ್ ಇಲ್ದೇ ಇದ್ರೆ... ತಡೀರಿ, ಪೂರ್ವದಿಂದ ದಕ್ಷಿಣಕ್ಕೆ ಎಂಟು ಹೆಜ್ಜೆ, ಮಧ್ಯದಲ್ಲಿ ಏಳು ಬಟನ್, ಆ ಏಳರಲ್ಲಿ ನಡುವಿಂದು. ಆ ಕಡೆ ಮೂರು, ಈ ಕಡೆ ಮೂರು. ನಾನೂ ಎಡವಿದೆ ನೋಡಿ 😅

ಲೆಕ್ಕದ ಮೇಷ್ಟ್ರು:
ಎಲ್ರೂ ಎಡವೋ ಜಾಗಾನೇ ಅದು ಮೇಡಂ. ಆದ್ರೆ ನಿಮ್ಮ ದಾರಿ ನನ್ನ ಭಾಗಾಕಾರಕ್ಕಿಂತ ಚೆನ್ನಾಗಿದೆ, ಒಪ್ಕೊತೀನಿ.

ಸುಮ್ನೆ ನೋಡ್ತೀನಿ:
ಆಗ್ನೇಯ = ಅಗ್ನಿ ದಿಕ್ಕು. ದೀಪ ಇರೋದೂ ಅಲ್ಲೇ. ಗೇಮ್ ಮಾಡಿದೋರಿಗೆ ಕನ್ನಡ ಬರ್ತಿತ್ತಾ ಅಂತ ಡೌಟು

ಹಳೇಮೌಸ್:
ಹಹ್ಹ. ಅದು ಕಾಕತಾಳೀಯ ಆದ್ರೂ ನೆನಪಿಟ್ಕೊಳ್ಳೋಕೆ ಸಕ್ಕತ್ತಾಗಿದೆ.

ಕಡಲಕಾಗೆ:
32 ಯಾಕೆ ಅಂತ ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ (ನನ್ನ 315ರ ಪಾಪ ತೊಳ್ಕೊಬೇಕು). ಹಳೇ ಹಡಗಿನ ದಿಕ್ಸೂಚೀಲಿ ಇರೋದೇ 32 ಬಿಂದು, ಒಂದೊಂದರ ಮಧ್ಯೆ ಹನ್ನೊಂದೂಕಾಲು ಡಿಗ್ರಿ. 360 ಡಿಗ್ರಿ ಲೆಕ್ಕ ನಾವಿಕರ ಬಾಯಿಗೆ ಬರೋಕೆ ಮುಂಚೆ ಈ 32 ಹೆಸರನ್ನೇ ಸಾಲಾಗಿ ಬಾಯಿಪಾಠ ಮಾಡಿರ್ಬೇಕಿತ್ತು ಹುಡುಗರು. ವೃತ್ತಾನ ಅರ್ಧ ಮಾಡು, ಅರ್ಧದಲ್ಲಿ ಅರ್ಧ ಮಾಡು, ಹೀಗೆ ಐದು ಸಲ ಮಾಡಿದ್ರೆ 32. ಅಳತೆಪಟ್ಟಿ ಬೇಡ, ಕಣ್ಣು ಸಾಕು. ಹಡಗಿನ ಲೋಕದಲ್ಲಿ ಹಡಗಿನ ದಿಕ್ಸೂಚಿ ಇಟ್ಟಿದಾರೆ, ಅಲ್ಲಿ 36 ಬಟನ್ ಇಟ್ಟಿದ್ರೆ ನಂಗೆ ಬೇಜಾರಾಗ್ತಿತ್ತು.

ಲೆಕ್ಕದ ಮೇಷ್ಟ್ರು:
36 ಇಟ್ಟಿದ್ರೆ ಒಂದೊಂದು 10 ಡಿಗ್ರಿ, 135 ಎರಡು ಬಟನ್ ಮಧ್ಯೆ ಬೀಳ್ತಿತ್ತು. ಆಗ ಗೊಣಗಣ್ಣ ಏನ್ ಹೇಳ್ತಿದ್ರೋ.

ಗೊಣಗಣ್ಣ:
ಹೇಳಬಾರದ್ದು ಹೇಳ್ತಿದ್ದೆ.

ದಾರಿತಪ್ಪಿದವ:
ಅಪ್ಡೇಟ್: ಜನರೇಟರ್ ಚೆನ್ನಾಗಿ ತಿರುಗಿಸಿ ಹೋದೆ, ಉತ್ತರಕ್ಕೆ ಸೊನ್ನೆ ಅಂತ ಜೋರಾಗಿ ಹೇಳಿದೆ, ಹನ್ನೆರಡರವರೆಗೂ ಎಣಿಸಿದೆ, ಕ್ಲಿಕ್ ಮಾಡ್ದೆ, ಕರೆಂಟ್ ಹೋಯ್ತು.

ಪಿಕ್ಸೆಲ್ ಪುಟ್ಟಿ:
ಏನು!!

ಲೆಕ್ಕದ ಮೇಷ್ಟ್ರು:
ಸಾಧ್ಯಾನೇ ಇಲ್ಲ.

ದಾರಿತಪ್ಪಿದವ:
ಗೊತ್ತಾಯ್ತು ಗೊತ್ತಾಯ್ತು. 640×480ರ ಗೇಮು, ಅದ್ರಲ್ಲಿ ಚಿತ್ರ ಇನ್ನೂ ಚಿಕ್ಕದು, ಬಟನ್‌ಗಳು ಒಂದಕ್ಕೊಂದು ಅಂಟ್ಕೊಂಡಿವೆ, ಎಣಿಸೋಕೆ ಪರದೆ ಮೇಲೆ ಬೆರಳು ಇಟ್ಕೊಂಡಿದ್ದೆ, ಬೆರಳು ತೆಗೆದು ಮೌಸ್ ತರೋಷ್ಟರಲ್ಲಿ ಪಕ್ಕದ್ದರ ಮೇಲೆ ಹೋಗಿದೆ. ಬೆರಳಿನ ಗುರುತು ಇನ್ನೂ ಪರದೆ ಮೇಲಿದೆ, ಹನ್ನೆರಡು ಚುಕ್ಕೆ. ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಮತ್ತೆ ಹೋಗ್ತಿದೀನಿ ದೀಪಸ್ತಂಭಕ್ಕೆ, ಕಾಲು ನೋವು ಬರ್ತಿದೆ, ಗೇಮ್‌ನಲ್ಲೇ.

ರಾತ್ರಿಗೂಬೆ:
ನನ್ನ ಇಪ್ಪತ್ತಕ್ಕೆ ಇನ್ನೂ ಹನ್ನೊಂದು ಬಾಕಿ ಇದೆ ನಿಮಗೆ, ಧೈರ್ಯವಾಗಿರಿ

ಹಳೇಮೌಸ್:
ಅವ್ರು ಬರೋವರೆಗೂ ಒಂದು ಹಳೇ ಕಥೆ. ನೀವೆಲ್ಲಾ ಚಿತ್ರ ಇರೋ ಗೇಮ್‌ನಲ್ಲಿ ದಿಕ್ಕು ತಪ್ಪಿದೀರಿ. ನಾನು ಮೊದ್ಲು ದಿಕ್ಕು ತಪ್ಪಿದ್ದು ಬರೀ ಅಕ್ಷರದ ಗೇಮ್‌ನಲ್ಲಿ, ಕೊಲೊಸಲ್ ಕೇವ್. 1976ರಲ್ಲಿ ವಿಲ್ ಕ್ರೌದರ್ ಅನ್ನೋರು ಬರೆದಿದ್ದು, ಅವ್ರು ನಿಜವಾಗ್ಲೂ ಗುಹೆಗಳೊಳಗೆ ಇಳಿದು ನಕ್ಷೆ ಮಾಡ್ತಿದ್ದೋರು, ಆಮೇಲೆ ಡಾನ್ ವುಡ್ಸ್ ಅನ್ನೋರು ಅದನ್ನ ಬೆಳೆಸಿದ್ರು. ಅದ್ರಲ್ಲೊಂದು ಚಕ್ರವ್ಯೂಹ ಇದೆ, ಎಲ್ಲಾ ಕೋಣೆಗೂ ಒಂದೇ ವರ್ಣನೆ. ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ವಾಪಸ್ ಬಂದ್ರೆ ಹಳೇ ಜಾಗಕ್ಕೆ ಬರ್ತೀರಿ ಅಂತ ನಂಬಿಕೆಯೇ ಇಲ್ಲ! ದಾರಿ ಒಳಗೆ ಸೊಟ್ಟಕ್ಕೆ ತಿರುಗಿರತ್ತೆ. ಅದಕ್ಕೆ ಉಪಾಯ ಏನಪ್ಪ ಅಂದ್ರೆ ಪ್ರತಿ ಕೋಣೇಲೂ ಕೈಲಿರೋ ಒಂದೊಂದು ಸಾಮಾನು ಬಿಸಾಕೋದು, ದೀಪ ಒಂದು ಬಿಟ್ಟು. ದೀಪ ಬಿಸಾಕಿದ ಗೆಳೆಯ ಒಬ್ಬ ಇದ್ದ, ಅವನ ಕಥೆ ಬೇಡ.

ನಕ್ಷೆ ಬಿಡಿಸೋಳು:
ನಂಗೆ ಇಷ್ಟ ಆಗಿದ್ದು ಮಂಕಿ ಐಲ್ಯಾಂಡ್ ಮೊದಲನೇದ್ರಲ್ಲಿ ಬರೋ ತಲೆ. 1990ರದ್ದು. ಭೂಗತ ಗುಹೇಲಿ ದಾರಿ ತೋರ್ಸೋಕೆ ಸತ್ತ ನಾವಿಕನ ತಲೆ ಕೈಲಿ ಹಿಡ್ಕೊಂಡು ಹೋಗ್ಬೇಕು, ಅದು ಯಾವ ಕಡೆ ಮುಖ ಮಾಡತ್ತೋ ಆ ಕಡೆ ನಡೀಬೇಕು. ಡಿಗ್ರಿ ಇಲ್ಲ ಭಾಗಾಕಾರ ಇಲ್ಲ.

ಪಿಕ್ಸೆಲ್ ಪುಟ್ಟಿ:
ಮೈನ್‌ಕ್ರಾಫ್ಟ್‌ನಲ್ಲಿ ಇನ್ನೊಂದು ಮೋಸ. ಕಂಪಾಸ್ ಉತ್ತರ ತೋರ್ಸೋದೇ ಇಲ್ಲ, ಆ ಲೋಕದ ಸ್ಪಾನ್ ಜಾಗ, ಅಂದ್ರೆ ಆಟ ಶುರುವಾಗೋ ಜಾಗ ತೋರ್ಸತ್ತೆ. ನಾನು ಅದನ್ನ ಉತ್ತರ ಅಂತ ನಂಬ್ಕೊಂಡು ಮನೆ ಹುಡುಕ್ತಾ ಮೂರು ದಿನ ಅಲೆದಿದೀನಿ. ನೆದರ್ ಅನ್ನೋ ಪಾತಾಳಲೋಕಕ್ಕೆ ತಗೊಂಡು ಹೋದ್ರಂತೂ ಮುಳ್ಳು ಹುಚ್ಚು ಹಿಡಿದಂಗೆ ತಿರುಗತ್ತೆ. 2020ರಲ್ಲಿ 1.16 ಅಪ್ಡೇಟ್‌ನಲ್ಲಿ ಲೋಡ್‌ಸ್ಟೋನ್ ಅನ್ನೋ ಕಲ್ಲು ಬಂದ್ಮೇಲೆ ಪರವಾಗಿಲ್ಲ, ನಮ್ಗೆ ಬೇಕಾದ ಕಡೆಗೆ ಮುಳ್ಳು ಕಟ್ಟಿಹಾಕ್ಬೋದು.

ಗೊಣಗಣ್ಣ:
ಈಗಿನ ಗೇಮ್‌ನಲ್ಲಿ ಪರದೆ ಮೇಲೇ ಕಂಪಾಸ್ ಪಟ್ಟಿ, ಅದ್ರ ಮೇಲೆ ಬಾಣ. ಬಾಣದ ಹಿಂದೆ ಹೋಗೋದು, ಅಷ್ಟೇ ಆಟ. ಸ್ಕೈರಿಮ್‌ನಲ್ಲಿ ಒಂದು ಊರಿನ ಹೆಸರೂ ನೆನಪಿಲ್ಲ ನಂಗೆ, ಬರೀ ಬಾಣ ನೆನಪಿದೆ. ಅದೇ ಕಂಪನಿಯ ಮೊರೊವಿಂಡ್ ನೋಡಿ, 2002, ಬಾಯಲ್ಲಿ ದಾರಿ ಹೇಳ್ತಿದ್ರು, ಪೂರ್ವಕ್ಕೆ ಹೋಗು, ಸೇತುವೆ ಆದ್ಮೇಲೆ ಉತ್ತರಕ್ಕೆ ತಿರುಗು ಅಂತ.

ಹಳೇಮೌಸ್:
ಅಲ್ಲಾ ಗೊಣಗಣ್ಣ, ಮೇಲೆ ಸುಳಿವೇ ಇಲ್ಲ ಅಂತ ಬೈದೋರೂ ನೀವೇ, ಇಲ್ಲಿ ಸುಳಿವು ಜಾಸ್ತಿ ಆಯ್ತು ಅಂತ ಬೈತಿರೋದೂ ನೀವೇ.

ಗೊಣಗಣ್ಣ:
ಎರಡೂ ನಿಜ. ಬೈಯೋಕೆ ದಿಕ್ಕು ಬೇಕಾ?

ಹೊಸಬ 2:
ನಾನು ಹೊಸ ಮಿಸ್ಟ್ ಆಡ್ತಿದೀನಿ, 2021ರಲ್ಲಿ ಪಿಸಿಗೆ ಬಂದಿದ್ದು. ನಂಗೂ 135ಏನಾ?

ಪಿಕ್ಸೆಲ್ ಪುಟ್ಟಿ:
ಶುರು ಮಾಡೋವಾಗ ಪಜಲ್ ರ‍್ಯಾಂಡಮೈಸ್ ಆನ್ ಮಾಡಿದ್ರೆ ಇಲ್ಲಿರೋ ಯಾವ ನಂಬರ್ರೂ ನಂಬಬೇಡಿ. ದೂರದರ್ಶಕದಲ್ಲಿ ನೀವೇ ನೋಡಿ. ಎಣಿಸೋ ರೀತಿ ಮಾತ್ರ ಅದೇ.

ದಾರಿತಪ್ಪಿದವ:
ಆಯ್ತೂಊಊಊ!!!!

ಈ ಸಲ ನಕ್ಷೆ ಮೇಡಂ ಹೇಳಿದಂಗೆ ಪೂರ್ವ ದಕ್ಷಿಣದ ನಡುವಿನದು ಹುಡುಕಿದೆ, ಆ ಕಡೆ ಮೂರು ಈ ಕಡೆ ಮೂರು ಅಂತ, ಮೌಸ್ ಅಲ್ಲೇ ಇಟ್ಕೊಂಡು ಕಣ್ಣಲ್ಲೇ ಎಣಿಸಿದೆ. ಒತ್ತಿದೆ. ಒಂದು ಕ್ಷಣ ಏನೂ ಆಗ್ಲಿಲ್ಲ ಅಂದ್ಕೊಂಡೆ, ಕತ್ತಲೆ ಬರತ್ತೆ ಅಂತ ಕಣ್ಣು ಮುಚ್ಕೊಂಡಿದ್ದೆ ಸುಳ್ಳಲ್ಲ. ಬರ್ಲಿಲ್ಲ! ಹೊರಗೆ ನೀರೊಳಗೆ ಲೈಟ್ ಹೊತ್ಕೊಂಡಿದೆ. ಮೇಲೆ ಹೋಗಿ ಹಡಗಿನ ನೀರು ಖಾಲಿ ಮಾಡಿ ಕೆಳಗಿಳಿದೆ, ಮೊದ್ಲು ಕಗ್ಗತ್ತಲೆ ಇದ್ದ ಜಾಗ ಈಗ ಬೆಳಕು, ಮೇಜು ಇದೆ, ವಾಪಸ್ ಹೋಗೋ ಪುಸ್ತಕ ಸಿಕ್ತು. ಒಟ್ಟು ಒಂಬತ್ತು ಸಲ ಕರೆಂಟ್ ಹೋಗಿ ಹತ್ತನೇ ಸಲಕ್ಕೆ.

ಲೆಕ್ಕದ ಮೇಷ್ಟ್ರು:
ಏಳು, ಕಡಲಕಾಗೆಯವ್ರ ಕೃಪೆಯಿಂದ ಎಂಟು, ಬೆರಳಿನಿಂದ ಒಂಬತ್ತು. ಈಗ ಎಣಿಕೆ ಸರಿ ಬರ್ತಿದೆ ನಿಮ್ದು.

ಕಡಲಕಾಗೆ:
ಅದನ್ನ ಮರೀಬೋದಿತ್ತು ಮೇಷ್ಟ್ರೇ

ಹಳೇಮೌಸ್:
ಅಭಿನಂದನೆ. ಸೆಲೆನಿಟಿಕ್ ಲೋಕ ಮುಗಿಸಿದೀರಾ? ಇಲ್ಲ ಅಂದ್ರೆ ಕೂತ್ಕೊಳ್ಳಿ, ಅಲ್ಲಿ ನೆಲದಡಿ ಒಂದು ಗಾಡಿ ಹತ್ತಬೇಕು, ಹಳಿಗಳ ಚಕ್ರವ್ಯೂಹ. ಅಲ್ಲೂ ದಿಕ್ಸೂಚಿ ಇದೆ. ಆದ್ರೆ ಯಾವ ಕಡೆ ತಿರುಗಬೇಕು ಅಂತ ಹೇಳೋದು ಸದ್ದು.

ದಾರಿತಪ್ಪಿದವ:
ಸದ್ದಾ??

ನಕ್ಷೆ ಬಿಡಿಸೋಳು:
ಹೂಂ. ಉತ್ತರಕ್ಕೊಂದು ಸದ್ದು, ದಕ್ಷಿಣಕ್ಕೊಂದು, ಪೂರ್ವ ಪಶ್ಚಿಮಕ್ಕೆ ಒಂದೊಂದು. ಈಶಾನ್ಯ ಆಗ್ನೇಯ ಇಂಥವಕ್ಕೆ ಎರಡು ಸದ್ದು ಸೇರ್ಕೊಂಡು ಬರತ್ತೆ. ಯಾವ ಸದ್ದು ಯಾವ ದಿಕ್ಕು ಅಂತ ಮೆಕ್ಯಾನಿಕಲ್ ಲೋಕದಲ್ಲಿ ಕೋಟೆ ತಿರುಗಿಸೋವಾಗ್ಲೇ ಕೇಳಿಸಿರತ್ತೆ, ಗಮನ ಕೊಟ್ಟಿರಲ್ಲ ಯಾರೂ. ಮೊದ್ಲು ಅದನ್ನ ಮುಗಿಸಿ ಹೋಗಿ. ನಂಗೆ ಒಂದು ಕಿವಿ ಸರಿಯಾಗಿ ಕೇಳ್ಸಲ್ಲ, ಎರಡು ಸದ್ದು ಸೇರಿದ್ರೆ ಒಂದೇ ಅನ್ಸತ್ತೆ. ಕೊನೆಗೆ ತಂಗೀನ ಪಕ್ಕ ಕೂರಿಸ್ಕೊಂಡೆ, ಅವ್ಳು ಗೇಮ್ ಆಡೋಳಲ್ಲ, ಕಣ್ಣು ಮುಚ್ಕೊಂಡು "ಟಿಂಗ್", "ಟಿಂಗ್ ಜೊತೆ ಬುಸ್" ಅಂತ ಹೇಳೋದು, ನಾನು ಬರ್ಕೊಳ್ಳೋದು. ಒಂದು ಪುಟ ಪೂರ್ತಿ ಟಿಂಗ್ ಬುಸ್.

ಗೊಣಗಣ್ಣ:
ಇದಂತೂ ಅನ್ಯಾಯ. ಕಿವಿ ಕೇಳದೋರು ಏನ್ ಮಾಡ್ಬೇಕು?

ಹಳೇಮೌಸ್:
ಇದನ್ನ ಒಪ್ತೀನಿ. ಈ ಒಂದನ್ನ ಪೂರ್ತಿ ಒಪ್ತೀನಿ.

ರಾತ್ರಿಗೂಬೆ:
ಅದನ್ನೂ ನಾನು ಸಾಲಾಗಿ ಟ್ರೈ ಮಾಡ್ಕೊಂಡೇ ದಾಟಿದ್ದು 🙈

ದಾರಿತಪ್ಪಿದವ:
ಕಾಗದ ಪೆನ್ ತಗೊಂಡೆ. ಮೆಕ್ಯಾನಿಕಲ್‌ಗೆ ಹೊರಟೆ. ಮೇಷ್ಟ್ರೇ, ಮೇಡಂ, ಎಲ್ರಿಗೂ ಥ್ಯಾಂಕ್ಸ್. ಕಡಲಕಾಗೆಗೂ.

ಅವಸರದ ಅಜಿತ:
ಅಷ್ಟು ಉದ್ದ ಓದೋಕೆ ಟೈಮಿಲ್ಲ, ಅದೇ ದಿಕ್ಸೂಚಿ ಹತ್ರ ಸಿಕ್ಕಾಕ್ಕೊಂಡಿದೀನಿ. ಉತ್ತರ ಏನು ಅಂತ ಹೇಳಿ ಸಾಕು

ದಾರಿತಪ್ಪಿದವ:
ಉತ್ತರ ಸೊನ್ನೆ.